ಕುಳಿ ನಂಬರ್ ಹನ್ನೊಂದು

ಷಿಕಾಗೋ ಬಳಿಯ ಲಿಸ್ಲ್‌ನಲ್ಲಿ ನಮ್ಮ ಮನೆಯಿಂದ ಮೂರು ಮನೆ ಆಚೆ ಇರುವ ಸುಮತಿಯವರ ಮಗಳು ಅನಘಾಗೆ ಷಿಕಾಗೋದ ಒಂದು ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿದೆ. ಪ್ರದರ್ಶನಕ್ಕೆ ಬೇಕಾದ ಮಾದರಿಗಳನ್ನು ಮಾಡುವ ವಿಭಾಗವಂತೆ. ಹೋದ ಭಾನುವಾರ ಬಂದವಳು, “ಅಂಕಲ್, ಯು ಡಿಡ್ ದಿಸ್ ಟೂ, ರೈಟ್? ಎನಿ ಅಡ್ವೈಸ್?” ಎಂದಳು. ಕೇಳದಿದ್ದರೂ ಉಪದೇಶ ಮಾಡುವ ಚಟ ನನ್ನದು ಎಂದು ನನ್ನ ಹೆಂಡತಿ ಪದ್ಮ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ. ಅವತ್ತು ಮಾತ್ರ ನನ್ನ ಬಾಯಿ ಕಟ್ಟಿಹೋಯಿತು. ಮೂವತ್ತು ವರ್ಷ ಮಾಡಿದ ಕೆಲಸವನ್ನು ಕಾಫಿ ಆರುವುದರೊಳಗೆ ಹೇಳುವುದು ಹೇಗೆ? ಆದ್ದರಿಂದ ಬರೆಯಲು ಕೂತಿದ್ದೇನೆ. ಅನಘಾಗೆ ಕನ್ನಡ ಓದಲು ಬಾರದು. ಅವಳಮ್ಮ ಓದಿ ಹೇಳುತ್ತಾರೆ.

ಬಡ್ತಿ, ಬಿರುದು, ನಿವೃತ್ತಿಯ ದಿನ ಕೊಟ್ಟ ಗಡಿಯಾರ, ಇವುಗಳ ಕಥೆ ಬೇಡ. ಗಡಿಯಾರ ನಿಂತು ಎಷ್ಟೋ ಕಾಲವಾಯಿತು. ನಾನು ಮಾಡಿದ ಎಡವಟ್ಟುಗಳನ್ನು ಹೇಳುತ್ತೇನೆ, ಈ ಕೆಲಸದಲ್ಲಿ ಉಪಯೋಗಕ್ಕೆ ಬರುವುದು ಅವೇ.

ನನ್ನ ಹೆಸರು ನಂಜುಂಡಯ್ಯ. ಶ್ರೀರಂಗಪಟ್ಟಣದ ಗಂಜಾಮಿನವನು. ನಮ್ಮಪ್ಪ ಗಾರೆ ಮೇಸ್ತ್ರಿ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಇವನ್ನು ಯಾವ ಹದದಲ್ಲಿ ಬೆರೆಸಬೇಕು, ಎಷ್ಟು ದಿನ ಅರೆಯಬೇಕು ಎನ್ನುವುದು ಅವರ ಬೆರಳಿಗೆ ಗೊತ್ತಿತ್ತು. ಅವರು ಹಾಕಿದ ನೆಲದಲ್ಲಿ ಬಗ್ಗಿ ನೋಡಿದರೆ ಮೀಸೆ ತಿದ್ದಿಕೊಳ್ಳಬಹುದಾಗಿತ್ತು. “ಗಾರೇಲಿ ಮುಖ ಕಾಣ್ಬೇಕು, ಕೈ ಕಾಣ್ಬಾರ್ದು ಕಣಪ್ಪ” ಎನ್ನುತ್ತಿದ್ದರು. ಅಂದರೆ, ನೋಡುವವನ ಮುಖ ಅದರಲ್ಲಿ ಮೂಡಬೇಕು, ಮಾಡಿದವನ ಕೈ ಗುರುತು ಉಳಿಯಬಾರದು. ಎಲ್ಲಾದರೂ ಬೆರಳಿನ ಗುರುತು ಉಳಿದರೆ ಆ ಕೂಲಿಯವನಿಗೆ ಅವತ್ತು ಮಂಗಳಾರತಿ ತಪ್ಪಿದ್ದಲ್ಲ.

ಓದು ಮುಗಿಸಿ ಮಂಡ್ಯದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲವು ವರ್ಷ ನಕ್ಷೆ ಬರೆದೆ. ಅಲ್ಲಿ ರಾಮಸ್ವಾಮಯ್ಯ ಎಂಬ ಓವರ್‌ಸಿಯರ್ ಇದ್ದರು. ಒಂದು ಸೇತುವೆಯ ಬಿರುಕು ನೋಡಿ ನಾನು ಕಂಟ್ರಾಕ್ಟರನ ಮೇಲೆ ಹಾರಾಡುತ್ತಿದ್ದಾಗ ಅವರು ಟೇಪು ಕೈಗಿಟ್ಟು, “ಮೊದ್ಲು ಅಳತೆ ತಗೊ, ಆಮೇಲೆ ಬೈಯಿ” ಎಂದರು. ಅಳತೆ ತೆಗೆದು ಮುಗಿಯುವ ಹೊತ್ತಿಗೆ ಬೈಯುವ ಶಕ್ತಿಯೇ ಉಳಿದಿರಲಿಲ್ಲ. ಅಪ್ಪನ ಮಾತು, ಓವರ್‌ಸಿಯರ ಮಾತು, ಎರಡನ್ನೂ ಕಟ್ಟಿಕೊಂಡು ಅರವತ್ತರ ದಶಕದ ಕೊನೆಯಲ್ಲಿ ಡೆಟ್ರಾಯಿಟ್‌ಗೆ ಓದಲು ಬಂದೆ. ಓದು ಮುಗಿದ ಮೇಲೆ ಹತ್ತಿರದ ವಿಕ್ಸಮ್‌ನಲ್ಲಿ ಒಂದು ಮಾಡೆಲ್ ಷಾಪ್ ಸೇರಿಕೊಂಡೆ.

ತಗಡಿನ ಷೆಡ್ಡು, ಇಪ್ಪತ್ತು ಜನ. ಮ್ಯೂಸಿಯಂಗಳಿಗೆ ಹಳೆಯ ಊರು, ಕೋಟೆ, ಯುದ್ಧಭೂಮಿಗಳ ಮಾದರಿ ಮಾಡಿಕೊಡುವುದು ನಮ್ಮ ಕಸುಬು. ಮೇಲಧಿಕಾರಿ ಹ್ಯಾಂಕ್. ಮಾತು ಕಡಿಮೆ. ಕೆಲಸ ಚೆನ್ನಾಗಿದ್ದರೆ ಸುಮ್ಮನೆ ಹೋಗುತ್ತಿದ್ದ, ಚೆನ್ನಾಗಿಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತಿದ್ದ. ಅವನು ನಿಂತ ಎಂದರೆ ನಮಗೆಲ್ಲ ಬೆವರು. ನನ್ನ ಹೆಸರು ಯಾರ ಬಾಯಲ್ಲೂ ನಿಲ್ಲದೆ ನಾನು ‘ನಂಜ್’ ಆದೆ.

ಮೊದಲ ಎಡವಟ್ಟು ರವೆಯದು. ಇಂಗ್ಲಿಷರೂ ಅಮೆರಿಕನ್ನರೂ ಕಾದಾಡಿದ ಒಂದು ನದೀತೀರದ ಮಾದರಿಗೆ ಮರಳು ಬೇಕಾಗಿತ್ತು. ನಿಜವಾದ ಮರಳು ಹಾಕಿದರೆ ಆ ಬೆರಳುದ್ದದ ಸೈನಿಕರ ಮುಂದೆ ಕಲ್ಲುಗುಂಡಿನಂತೆ ಕಾಣುತ್ತಿತ್ತು. ಮನೆಯಲ್ಲಿ ಪದ್ಮ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಬಣ್ಣ, ಕಾಳಿನ ಗಾತ್ರ ಎರಡೂ ಸರಿ! ಎರಡು ಡಬ್ಬಿ ರವೆ ಕೆಂಪಗೆ ಹುರಿಸಿಕೊಂಡು ಹೋಗಿ ಅಂಟಿನ ಮೇಲೆ ಉದುರಿಸಿದೆ. ಹ್ಯಾಂಕ್ ನೋಡಿ ಸುಮ್ಮನೆ ಹೋದ. ನಾನು ಆಕಾಶಕ್ಕೆ ಮೂರೇ ಗೇಣು. ಬೇಸಿಗೆ ಬಂತು. ಒಂದು ಬೆಳಿಗ್ಗೆ ಹ್ಯಾಂಕ್ ಮಾದರಿಯ ಮುಂದೆ ನಿಂತಿದ್ದ. ಹೋಗಿ ನೋಡಿದರೆ ಎರಡು ಸೈನ್ಯಗಳ ನಡುವೆ ನುಸಿ ಹುಳುಗಳ ಮೂರನೆಯ ಸೈನ್ಯ ಸಾಲುಗಟ್ಟಿ ಹೊರಟಿತ್ತು. “ಇವರು ಯಾರ ಕಡೆಯವರು, ನಂಜ್?” ಎಂದು ಕೇಳಿ ಒಳಗೆ ಹೋದ. ಅನಘಾ, ತಿನ್ನುವ ವಸ್ತುವನ್ನು ಮಾದರಿಗೆ ಹಾಕಬೇಡ. ಇದು ಮೊದಲನೆಯ ಪಾಠ.

ಆ ಹುಳುಗಳನ್ನು ನನ್ನ ಜೊತೆ ಕೂತು ಒಂದೊಂದಾಗಿ ಹೆಕ್ಕಿದವನು ಲೆಸ್ಟರ್. ನಮ್ಮ ಷಾಪಿನ ಅಚ್ಚುಗಾರ. ಕಪ್ಪು ಜನಾಂಗದವನು, ನನಗಿಂತ ಹತ್ತು ವರ್ಷ ದೊಡ್ಡವನು, ಡೆಟ್ರಾಯಿಟ್‌ನ ಕಾರಿನ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸ ಕಲಿತವನು. ಅವನು ಆರು ವರ್ಷದವನಿದ್ದಾಗ ತಾಯಿಯ ಜೊತೆ ದಕ್ಷಿಣದಿಂದ ರೈಲು ಹತ್ತಿ ಬಂದನಂತೆ. ಮತ್ತೆ ಆ ಕಡೆ ಹೋಗಿಲ್ಲ, ಹೋಗುವುದೂ ಇಲ್ಲ ಎನ್ನುತ್ತಿದ್ದ. ಯಾಕೆ ಎಂದು ನಾನು ಕೇಳಲಿಲ್ಲ. ಡೆಟ್ರಾಯಿಟ್‌ನ ಕಪ್ಪು-ಬಿಳಿಯರ ಗಲಭೆಯಲ್ಲಿ ಸುಟ್ಟ ಅಂಗಡಿಗಳು ಆಗಿನ್ನೂ ಹಾಗೇ ನಿಂತಿದ್ದವು. ಕೆಲವು ಪ್ರಶ್ನೆಗಳನ್ನು ಹೊಸದಾಗಿ ಬಂದ ನನ್ನಂಥವನು ಕೇಳಬಾರದು ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಕೇಳಬೇಕಾಗಿತ್ತು.

ಅಮೆರಿಕ ಸ್ವತಂತ್ರವಾಗಿ ಇನ್ನೂರು ವರ್ಷ ತುಂಬುವುದಕ್ಕೆ ಇನ್ನೊಂದು ವರ್ಷವಿತ್ತು. ಸಣ್ಣ ಸಣ್ಣ ಊರುಗಳೂ ಮ್ಯೂಸಿಯಂ ಮಾಡಲು ಹೊರಟಿದ್ದವು. ನಮಗೆ ಬಂದ ದೊಡ್ಡ ಕೆಲಸ ದಕ್ಷಿಣದ ಕರಾವಳಿಯ ಒಂದು ಬಂದರು ಕೌಂಟಿಯದು. ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಅವರ ಊರಿನ ಹೆಸರು ಯಾಕೆ ಕೆಡಿಸಲಿ?

ಆ ಊರಿನ ಚರಿತ್ರೆ ಓದಿದಷ್ಟೂ ನನಗೆ ಹಿಡಿಸಿತು. ನದಿ ಸಮುದ್ರ ಸೇರುವ ಜಾಗ. ಮೊದಲು ಅಲ್ಲಿದ್ದ ಮೂಲನಿವಾಸಿಗಳು ತಲೆತಲಾಂತರದಿಂದ ತಿಂದು ಎಸೆದ ಆಯ್ಸ್ಟರ್ ಎಂಬ ಸಮುದ್ರದ ಸಿಂಪಿಯ ಚಿಪ್ಪುಗಳು ದಿಬ್ಬಗಳಾಗಿ ಬಿದ್ದಿದ್ದವು. ಸ್ಪೇನಿನವರು ಬಂದು ಹೋದರು. ಆಮೇಲೆ ಇಂಗ್ಲಿಷರು ಬಂದು ಮರದ ಬೇಲಿ ಹಾಕಿಕೊಂಡು ಕೂತರು. ಬೇಲಿ ಹುಳು ಹಿಡಿಯಿತು. ಆಗ ಆ ಚಿಪ್ಪಿನ ದಿಬ್ಬಗಳನ್ನೇ ಸುಟ್ಟು ಸುಣ್ಣ ಮಾಡಿ, ಅದಕ್ಕೆ ಇಡೀ ಚಿಪ್ಪು, ಮರಳು ಬೆರೆಸಿ, ಹಲಗೆಗಳ ನಡುವೆ ಸುರಿದು ಕೋಟೆ ಕಟ್ಟಿದರು. ಕೋಟೆಯ ಹಿಂದೆ ಭತ್ತದ ಗದ್ದೆಗಳು, ಬಂದರಿನಿಂದ ಅಕ್ಕಿಯ ಹಡಗುಗಳು. ಸ್ವಾತಂತ್ರ್ಯದ ಯುದ್ಧದಲ್ಲಿ ಇಂಗ್ಲಿಷರು ಮತ್ತೆ ಹಿಡಿದರು, ಬಿಟ್ಟರು. ಆಮೇಲೆ ಅಮೆರಿಕದ ಸರ್ಕಾರ ಸಮುದ್ರದ ಕಡೆಯ ಗೋಡೆಯನ್ನೂ ಬಾಗಿಲನ್ನೂ ಹೊಸದಾಗಿ ಕಟ್ಟಿಸಿತು. ಅಂತರ್ಯುದ್ಧ ಶುರುವಾದ ಕೂಡಲೇ ಉತ್ತರದ ನೌಕಾಪಡೆ ಬಂದು ಬಂದರನ್ನು ಹಿಡಿಯಿತು. ಇಷ್ಟನ್ನೂ ಕಮಿಟಿಯವರು ನೀಟಾಗಿ ಟೈಪ್ ಮಾಡಿ ಕಳಿಸಿದ್ದರು. ಯಾರು ಆಳಿದರು, ಯಾರು ಮುತ್ತಿಗೆ ಹಾಕಿದರು, ಎಷ್ಟು ಫಿರಂಗಿ, ಎಲ್ಲ ಇತ್ತು. ಚಿಪ್ಪು ಹೊತ್ತವರು ಯಾರು ಎನ್ನುವುದಿರಲಿಲ್ಲ. ನಾನೂ ಹುಡುಕಲಿಲ್ಲ. ಶ್ರೀರಂಗಪಟ್ಟಣದ ಕೋಟೆಯ ಕಲ್ಲು ಹೊತ್ತವರು ಯಾರು ಎಂದು ನಮ್ಮೂರಲ್ಲಾದರೂ ಯಾರು ಕೇಳಿದ್ದರು?

ಕೆಲಸ ಎರಡು ಭಾಗ. ಇಡೀ ಕೋಟೆಯ ಪುಟ್ಟ ಮಾದರಿ ಒಂದು. ಬಾಗಿಲಿನ ಎಡಬದಿಯ ಗೋಡೆಯ ತುಂಡನ್ನು ನಿಜವಾದ ಗಾತ್ರದಲ್ಲಿ ಎರಕ ಹೊಯ್ದು, ಬಂದವರು ಮುಟ್ಟಿ ನೋಡುವ ಹಾಗೆ ನಿಲ್ಲಿಸುವುದು ಇನ್ನೊಂದು. ಅಚ್ಚು ತೆಗೆಯಲು ನಾನು, ಹ್ಯಾಂಕ್ ಇಬ್ಬರೂ ವ್ಯಾನಿನಲ್ಲಿ ಒಂಬೈನೂರು ಮೈಲಿ ಹೋದೆವು. ಲೆಸ್ಟರ್ ಬರುವುದಿಲ್ಲ ಎಂದ.

ಅಲ್ಲಿ ತೊಂಬತ್ತೈದು ಡಿಗ್ರಿ ಬಿಸಿಲು. ಬೆಳಿಗ್ಗೆ ತಿಂಡಿಗೆ ಕೊಡುತ್ತಿದ್ದ ಜೋಳದ ನುಚ್ಚಿನ ಗಂಜಿಗೆ ನಾನು ಚಟ್ನಿಪುಡಿ ಹಾಕಿಕೊಂಡು ತಿಂದು ಗೋಡೆಯ ಮುಂದೆ ಕೂರುತ್ತಿದ್ದೆ. ಗೋಡೆಗೆ ರಬ್ಬರಿನ ಹಾಲು ಬಳಿಯುವುದು, ಒಣಗಲು ಬಿಡುವುದು, ಬಟ್ಟೆ ಒತ್ತಿ ಮತ್ತೆ ಬಳಿಯುವುದು. ಅದರ ಅಮೋನಿಯ ವಾಸನೆಗೆ ಮೂಗು ಸೀದುಹೋಗುತ್ತಿತ್ತು. ಈಗ ಸಿಲಿಕೋನ್ ಬಂದಿದೆ, ಕಂಪ್ಯೂಟರಿನ ಬೆಳಕಿನಲ್ಲೇ ಅಳೆಯುತ್ತಾರಂತೆ. ಒಳ್ಳೆಯದಾಯಿತು. ಆದರೆ ಐದು ದಿನ ಒಂದೇ ಗೋಡೆಯ ಮುಂದೆ ಕೂತರೆ ಕಾಣುವುದು ಐದು ನಿಮಿಷಕ್ಕೆ ಕಾಣುವುದಿಲ್ಲ. ಐದು ದಿನ ಕೂತೂ ನನಗೆ ಕಾಣದಿದ್ದದ್ದೇ ಈ ಕಥೆ.

ಬಳಿಯುವುದಕ್ಕೆ ಮುಂಚೆ ನಾನು ಗೋಡೆಯ ದೋಷಗಳ ಪಟ್ಟಿ ಮಾಡಿದೆ. ಹದಿನಾಲ್ಕು ಕುಳಿಗಳಿದ್ದವು. ರಾಮಸ್ವಾಮಯ್ಯನವರ ಶಿಷ್ಯ ತಾನೇ, ಪ್ರತಿಯೊಂದಕ್ಕೂ ನಂಬರು ಕೊಟ್ಟು, ಕಾಲಿಂಚಿಗೊಂದು ಸೂಜಿ ಇಳಿಸಿ ಆಳ ಬರೆದುಕೊಂಡೆ. ಹನ್ನೊಂದನೆಯದು ನೆಲದಿಂದ ಎರಡೂವರೆ ಅಡಿ ಮೇಲೆ, ಬಾಗಿಲಿಗೆ ಹತ್ತಿರ. ಅಂಗೈಯಗಲವೂ ಇಲ್ಲದ ತಗ್ಗು, ಅದರಿಂದ ಹೊರಟ ಐದು ಸೀಳು. ಯಾವನೋ ಕೂಲಿಯವನು ಹಸಿ ಗೋಡೆಯ ಮೇಲೆ ಕೈ ಊರಿದ್ದಾನೆ, ಮೇಸ್ತ್ರಿ ಕರಣೆ ಆಡಿಸಿಲ್ಲ, ಎಂಥ ಕಳಪೆ ಕೆಲಸ ಎಂದು ನಗು ಬಂತು. ಕೊನೆಯ ಸೀಳಿನ ಆಳ ಮಿಕ್ಕವುಗಳ ಎರಡರಷ್ಟು ಬಂತು. ಸೂಜಿ ಜಾರಿರಬೇಕೆಂದು ಆ ಅಂಕಿಯನ್ನು ಹೊಡೆದುಹಾಕಿ ಪಕ್ಕದವುಗಳ ಸರಾಸರಿ ಬರೆದೆ.

ಕಮಿಟಿಯ ಮುಖ್ಯಸ್ಥ ಒಬ್ಬ ನಿವೃತ್ತ ಕರ್ನಲ್. ಎತ್ತರದ ಆಳು, ಒಳ್ಳೆಯ ಮನುಷ್ಯ. ದಿನಾ ಬಂದು ತಣ್ಣನೆಯ ಟೀ ಕೊಡುತ್ತಿದ್ದರು. ಅಮೆರಿಕದಲ್ಲಿ ಸೋತು ಶರಣಾದ ಇಂಗ್ಲಿಷ್ ದಳಪತಿಯೇ ಮುಂದೆ ನಮ್ಮೂರಿಗೆ ಬಂದು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ, ಇಲ್ಲಿ ಕಳೆದುಕೊಂಡ ಮಾನವನ್ನು ಅಲ್ಲಿ ವಸೂಲಿ ಮಾಡಿಕೊಂಡ ಎಂದು ನಾನು ಹೇಳಿದಾಗ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಹೆಗಲ ಮೇಲೆ ಕೈ ಹಾಕಿ ನಾವಿಬ್ಬರೂ ಒಂದೇ ಯುದ್ಧದವರು ಎಂದುಬಿಟ್ಟರು. ನನ್ನ ತಲೆ ಅಲ್ಲೇ ತಿರುಗಿತು. ಅಪ್ಪನ ಗಾರೆಯ ವಿದ್ಯೆಯನ್ನೆಲ್ಲ ಕೊಚ್ಚಿಕೊಂಡೆ. ಈ ಗೋಡೆಗೆ ಒಂದು ಮೈ ಗಾರೆ ಕೊಟ್ಟರೆ ಇನ್ನೂ ನೂರು ವರ್ಷ ಅಲ್ಲಾಡುವುದಿಲ್ಲ ಎಂದೆ. ಬರೆದು ಕಳಿಸಿ ಎಂದರು. ವಿಕ್ಸಮ್‌ಗೆ ಬಂದವನೇ ಎರಡು ಪುಟದ ಕಾಗದ ಬರೆದೆ. ಚಿಪ್ಪಿನ ಸುಣ್ಣ ಇಷ್ಟು, ಮರಳು ಇಷ್ಟು, ಬೆಲ್ಲ ಸಿಗದಿದ್ದರೆ ಕಾಕಂಬಿ ಇಷ್ಟು, ಒಂದು ವಾರ ಒದ್ದೆ ಗೋಣಿ ಹೊದಿಸಿಡಿ, ಬಾಗಿಲ ಎಡಗಡೆಯಿಂದ ಶುರುಮಾಡಿ, ಬಂದವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಈ ಕೊನೆಯದು ಮಾತ್ರ ಯಾರೂ ಕೇಳದಿದ್ದ ಉಪದೇಶ.

ಅಚ್ಚನ್ನು ಬೆಂಚಿನ ಮೇಲೆ ಹಾಸಿದೆವು. ಗೋಡೆಯಲ್ಲಿ ತಗ್ಗಾಗಿದ್ದದ್ದು ಅಚ್ಚಿನಲ್ಲಿ ಉಬ್ಬಾಗಿರುತ್ತದೆ. ಹದಿನಾಲ್ಕು ಉಬ್ಬುಗಳ ಸುತ್ತ ನೀಲಿ ಪೆನ್ಸಿಲಿನಿಂದ ಗುಂಡು ಸುತ್ತಿ, ಕೊಯ್ದು ಸಮ ಮಾಡಲು ಲೆಸ್ಟರ್‌ಗೆ ಕೊಟ್ಟೆ. ಹನ್ನೊಂದನೆಯದಕ್ಕೆ ಬಂದಾಗ ಅವನು ಚಾಕು ನಿಲ್ಲಿಸಿದ.

“ನಂಜ್, ಇದು ಕೈ ಥರ ಇದೆಯಲ್ಲೋ. ತೆಗೀಲೇಬೇಕಾ?”

“ಗಾರೇಲಿ ಕೈ ಕಾಣಬಾರದು” ಎಂದೆ, ಅಪ್ಪನ ಧ್ವನಿಯಲ್ಲಿ.

ಅವನು ಕೊಯ್ದ. ರಬ್ಬರಿನ ಚೂರುಗಳು ಕಸದ ಬುಟ್ಟಿಗೆ ಹೋದವು.

ಮೂರು ವಾರ ಕಳೆಯಿತು. ತನ್ನ ತಾಯಿ ಆ ಕೌಂಟಿಯವಳೇ, ನಾನು ಅಲ್ಲಿಗೆ ಹೋಗಿಬಂದೆ ಎಂದು ಕೇಳಿ ನನ್ನನ್ನು ನೋಡಬೇಕೆನ್ನುತ್ತಿದ್ದಾಳೆ ಎಂದು ಲೆಸ್ಟರ್ ನಮ್ಮನ್ನು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದ. ಡೆಟ್ರಾಯಿಟ್‌ನಲ್ಲಿ ಅವನ ಮನೆ. ತಾಯಿಯನ್ನು ಎಲ್ಲರೂ ಮಿಸ್ ರೂತ್ ಎನ್ನುತ್ತಿದ್ದರು. ಎಂಬತ್ತರ ಮೇಲೆ ವಯಸ್ಸು, ಬೆನ್ನು ನೆಟ್ಟಗಿತ್ತು. ನಾವು ಮಾಂಸ ತಿನ್ನುವುದಿಲ್ಲವೆಂದು ಅನ್ನಕ್ಕೆ ಬೇಯಿಸಿದ ಅಲಸಂದೆ ಬೆರೆಸಿ ಇಟ್ಟಿದ್ದರು. ಗೋಡೆಗೆ ತೂಗುಹಾಕಿದ್ದ ಹುಲ್ಲಿನ ಅಗಲವಾದ ಬುಟ್ಟಿಯನ್ನು ಪದ್ಮ ನೋಡಿದಳು. “ರೀ, ಇದು ಮೊರ ಕಣ್ರೀ!” ಎಂದು ಇಳಿಸಿ, ಕೇರುವ ಹಾಗೆ ಎರಡು ಸಲ ಆಡಿಸಿ ತೋರಿಸಿದಳು. ಮಿಸ್ ರೂತ್ ಎದ್ದು ಬಂದು ಅವಳ ಮುಂಗೈ ತಿದ್ದಿದರು, ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸಬೇಕಂತೆ. ಅಮೆರಿಕಕ್ಕೆ ಬಂದ ಮೇಲೆ ಪದ್ಮ ಅಷ್ಟು ಹಗುರವಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಆ ಮೊರ ಅವರ ಅಜ್ಜಿ ಹೆಸ್ಟರ್‌ದಂತೆ. ಊಟವಾದ ಮೇಲೆ ಮಿಸ್ ರೂತ್ ತಾವಾಗಿಯೇ ಹೇಳತೊಡಗಿದರು. ಹೆಸ್ಟರ್ ಗುಲಾಮಳಾಗಿ ಹುಟ್ಟಿದವಳು. ಸರ್ಕಾರ ಕೋಟೆಯ ಗೋಡೆ ಕಟ್ಟಿಸುವಾಗ ಅವಳ ಒಡೆಯ ತನ್ನ ಆಳುಗಳನ್ನೆಲ್ಲ ಅಲ್ಲಿಗೆ ಬಾಡಿಗೆಗೆ ಕಳಿಸಿದ. ಏಳು ವರ್ಷದ ಹುಡುಗಿ ದಿನವಿಡೀ ತಲೆಯ ಮೇಲೆ ಚಿಪ್ಪು ಹೊತ್ತಳು. ಒಂದು ದಿನ ಹಲಗೆ ಬಿಚ್ಚಿದ ಹಸಿ ಗೋಡೆಯ ಪಕ್ಕ ಯಾರೂ ಇರಲಿಲ್ಲ. ಅವಳು ಬಾಗಿಲ ಎಡಗಡೆ ಕೈ ಒತ್ತಿದಳು. ಮುಂದೆ ಯುದ್ಧ ಬಂತು, ಬಿಡುಗಡೆಯಾಯಿತು. ಅವಳ ಗಂಡ ಕಪ್ಪು ಜನರ ಪಡೆಗೆ ಸೇರಿ, ಅದೇ ಬಾಗಿಲಲ್ಲಿ ಬಂದೂಕು ಹಿಡಿದು ಪಹರೆ ನಿಂತ. ಅಜ್ಜಿ ಪ್ರತಿ ವರ್ಷ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಆ ಗುರುತಿನಲ್ಲಿ ಕೈ ಇಡಿಸುತ್ತಿದ್ದಳು.

“ಅವಳ ಗೋರಿಗೆ ಕಲ್ಲಿಲ್ಲ ಮಗಾ. ಓದು ಬರ್ತಿರ್ಲಿಲ್ಲ, ಎಲ್ಲೂ ಸಹಿ ಇಲ್ಲ. ಇರೋದು ಅದೊಂದೇ” ಎಂದರು. ತಮ್ಮ ಮಗನ ಕಂಪನಿಯೇ ಮ್ಯೂಸಿಯಂ ಮಾಡುತ್ತಿರುವುದರಿಂದ, ಅದು ತೆರೆಯುವ ದಿನ ನಲವತ್ತು ವರ್ಷದ ಮೇಲೆ ಊರಿಗೆ ಹೋಗಿ ಇನ್ನೊಮ್ಮೆ ಆ ಕೈ ಮುಟ್ಟಿ ಬರುವುದಾಗಿ ತೀರ್ಮಾನಿಸಿದ್ದರು. ಇದನ್ನೆಲ್ಲ ಯಾಕೆ ಮುಂಚೆ ಹೇಳಲಿಲ್ಲ ಎಂದು ಲೆಸ್ಟರ್ ಕೇಳಿದ. ನೀನು ಆ ಊರಿನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದೆಯಲ್ಲ ಎಂದರು.

ಲೆಸ್ಟರ್ ನನ್ನನ್ನು ನೋಡಲಿಲ್ಲ, ತನ್ನ ಬಲಗೈ ನೋಡಿಕೊಳ್ಳುತ್ತಿದ್ದ. ಕಾರಿನ ತನಕ ಬಿಡಲು ಬಂದವನು ಒಂದೇ ಮಾತು ಆಡಿದ. “ನಾನು ಕೇಳ್ದೆ ಅಲ್ವಾ, ನಂಜ್.”

ಅಚ್ಚು ಹೋದರೆ ಹೋಗಲಿ, ಗೋಡೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ನನ್ನ ಕಾಗದ ಅಲ್ಲಿ ತಲುಪಿ ಎರಡು ವಾರವಾಗಿತ್ತು. ಸೋಮವಾರ ಬೆಳಿಗ್ಗೆ ಹ್ಯಾಂಕನ ಮುಂದೆ ಎಲ್ಲ ಒಪ್ಪಿಸಿದೆ. ಗಿರಾಕಿಗೆ ನೇರವಾಗಿ ಫೋನ್ ಮಾಡಿ, ನಾನು ಹೇಳಿದ್ದು ತಪ್ಪು, ಕೆಲಸ ನಿಲ್ಲಿಸಿ ಎನ್ನುವುದೆಂದರೆ ಕಂಪನಿಯ ಮರ್ಯಾದೆಯ ಪ್ರಶ್ನೆ. ನನ್ನ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ, ಕೆಲಸ ಹೋದರೆ ದೇಶ ಬಿಡಬೇಕಾಗಿತ್ತು. ಹ್ಯಾಂಕ್ ಸ್ವಲ್ಪ ಹೊತ್ತು ನಿಂತ. “ಫೋನ್ ಅಲ್ಲಿದೆ. ನಾನು ಕಾಫಿಗೆ ಹೋಗ್ತಿದೀನಿ” ಎಂದು ಹೊರಟ. ಅಂಥ ಮೇಲಧಿಕಾರಿ ನಿನಗೂ ಸಿಗಲಿ, ಅನಘಾ.

ಕರ್ನಲ್ ನನಗೆ ಬಾಯಿ ತೆರೆಯಲು ಬಿಡಲಿಲ್ಲ.

“ಮಿಸ್ಟರ್ ನಂಜ್! ನಾನೇ ಫೋನ್ ಮಾಡೋಣ ಅಂತಿದ್ದೆ. ನಿಮ್ಮ ಗಾರೆ ಕಲ್ಲಾಗಿದೆ. ನೀವು ಹೇಳಿದ ಹಾಗೇ ಬಾಗಿಲ ಎಡಗಡೆಯಿಂದ್ಲೇ ಶುರುಮಾಡಿದ್ವಿ.”

ನಾನು ವಿಷಯ ಹೇಳಿದೆ. ಕೆರೆದು ತೆಗೆಯಬಹುದೇ ಎಂದು ಅವರೇ ಕೇಳಿದರು. ನಾನು ಮೇಸ್ತ್ರಿಯ ಮಗ, ಸುಳ್ಳು ಹೇಳಲಾಗಲಿಲ್ಲ. ಹಿಡಿದ ಗಾರೆಯನ್ನು ಕಿತ್ತರೆ ಅದು ಒಳಗಿನ ಹಳೆಯ ಸುಣ್ಣವನ್ನೂ ಕಿತ್ತುಕೊಂಡೇ ಬರುತ್ತದೆ, ಕೈಯ ಗುರುತು ಪುಡಿಯಾಗುತ್ತದೆ ಎಂದೆ. ಬಾಗಿಲಿನಿಂದ ಆಚೆ ಹೋಗಬೇಡಿ, ಇಷ್ಟಕ್ಕೇ ನಿಲ್ಲಿಸಿ ಎಂದು ಬೇಡಿಕೊಂಡೆ. ನಿಲ್ಲಿಸಿದರು.

ಮಿಸ್ ರೂತ್‌ಗೆ ಮುಂದಿನ ಭಾನುವಾರ ನಾನೇ ಹೋಗಿ ಹೇಳಿದೆ. ಪದ್ಮ ಜೊತೆಗಿದ್ದಳು. ಬೈಯುತ್ತಾರೆ, ಬೈದರೆ ನನಗೂ ಹಗುರವಾಗುತ್ತದೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಇನ್ನೊಂದ್ಸಲ ಮುಟ್ಬೇಕು ಅಂತಿದ್ದೆ” ಎಂದು ಹೇಳಿ ಒಳಗೆ ಹೋದರು. ನನಗೆ ಅಳು ಬಂತು. ಬಂತು ಎಂದು ಬರೆಯಲು ನಾಚಿಕೆಯಿಲ್ಲ.

ಮನೆಗೆ ಬಂದ ಮೇಲೆ ಪದ್ಮ, “ನೀವು ಅಳತೆ ತಗೊಂಡೇ ತಗೋತೀರಲ್ಲಾ ರೀ, ಅದೆಲ್ಲಿದೆ?” ಎಂದಳು. ದೋಷಗಳ ಪಟ್ಟಿ! ಮರುದಿನ ಬೆಳಿಗ್ಗೆ ಏಳಕ್ಕೇ ಷಾಪಿಗೆ ಹೋಗಿ ನಕ್ಷೆಗಳ ಡ್ರಾಯರ್ ಎಳೆದೆ. ಕುಳಿ ನಂಬರ್ ಹನ್ನೊಂದು. ಕಾಲಿಂಚಿಗೊಂದು ಚುಕ್ಕಿ, ಪ್ರತಿ ಚುಕ್ಕಿಗೂ ಆಳ. ಲೆಸ್ಟರ್ ಬಂದಾಗ ಹಾಳೆಯನ್ನು ಅವನ ಬೆಂಚಿನ ಮೇಲಿಟ್ಟೆ. ಅವನು ನನ್ನ ಜೊತೆ ಮಾತು ಬಿಟ್ಟು ಒಂದು ವಾರವಾಗಿತ್ತು. ಹಾಳೆಯನ್ನು ನೋಡಿದ, ಜೇಡಿಮಣ್ಣು ತೆಗೆದ, ಕನ್ನಡಕ ಹಾಕಿಕೊಂಡ. ನಾನು ಅಂಕಿ ಓದುತ್ತ ಹೋದೆ, ಅವನು ಕಡೆಯುತ್ತ ಹೋದ. ಎರಡು ದಿನಕ್ಕೆ ಜೇಡಿಯಲ್ಲಿ ಏಳು ವರ್ಷದ ಹುಡುಗಿಯ ಕೈ ಎದ್ದಿತು. ಎರಕದ ಗೋಡೆಯಲ್ಲಿ ಅದೇ ಜಾಗವನ್ನು ಅಗೆದು, ಹಸಿ ಸುಣ್ಣ ತುಂಬಿ, ಅದನ್ನು ಒತ್ತಿದ.

ಪದ್ಮ ಕಾರಿನಲ್ಲಿ ಮಿಸ್ ರೂತ್‌ರನ್ನು ಕರೆತಂದಳು. ಅವರು ಬರುವುದಕ್ಕೇ ಒಪ್ಪಿರಲಿಲ್ಲವಂತೆ. ಏನು ಹೇಳಿ ಒಪ್ಪಿಸಿದಳೋ ಇವತ್ತಿಗೂ ನನಗೆ ಹೇಳಿಲ್ಲ. ಮಿಸ್ ರೂತ್ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ ಬೆರಳಿನಿಂದ ತಡಕಿದರು. ಹ್ಯಾಂಕ್ ಆ ಹೊತ್ತು ಯಂತ್ರಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದ.

“ಕಿರುಬೆರಳು ಇದಲ್ಲ” ಎಂದರು. “ಅದು ಆಳ ಇತ್ತು. ನನ್ನ ಬೆರಳು ಅಲ್ಲಿ ಸಿಕ್ಕಿಕೊಳ್ತಿತ್ತು. ಯಾರೋ ಬಂದ ಸದ್ದಾಗಿ ಅವಳು ಗಾಬ್ರಿಯಿಂದ ಕೈ ಕಿತ್ಕೊಂಡ್ಲಂತೆ, ಅಲ್ಲಿ ಸುಣ್ಣ ಕಿತ್ತು ಬಂತಂತೆ.”

ನಾನು ಓಡಿಹೋಗಿ ಹಾಳೆ ತಂದೆ. ಹೊಡೆದುಹಾಕಿದ ಅಂಕಿ ಗೀಟಿನ ಕೆಳಗೆ ಇನ್ನೂ ಕಾಣುತ್ತಿತ್ತು. ಎರಡರಷ್ಟು ಆಳ. ಸೂಜಿ ಜಾರಿರಲಿಲ್ಲ, ಒಂದು ಮಗು ಹೆದರಿತ್ತು. ಲೆಸ್ಟರ್‌ಗೆ ಅಂಕಿ ಓದಿ ಹೇಳಿದೆ. ಅವನು ಸುಣ್ಣ ಇನ್ನೂ ಹಸಿಯಿರುವಾಗಲೇ ಅಷ್ಟೇ ಆಳಕ್ಕೆ ಇಳಿಸಿದ. ಮಿಸ್ ರೂತ್ ಮತ್ತೆ ಮುಟ್ಟಿದರು. ಅಲ್ಲಿಂದ ಕೈ ತೆಗೆಯಲು ಬಹಳ ಹೊತ್ತಾಯಿತು. “ಹೂಂ” ಎಂದರು, ಅಷ್ಟೇ.

ಫಲಕಕ್ಕೆ ನಾನು, ‘ಹೆಸ್ಟರಳ ಕೈ. ಈ ಗೋಡೆಗೆ ಚಿಪ್ಪು ಹೊತ್ತವಳು’ ಎಂದು ಬರೆದುಕೊಟ್ಟೆ. ಕಮಿಟಿಯಲ್ಲಿ ಜಗ್ಗಾಟವಾಯಿತು. ಕರ್ನಲ್ ಕೈಯನ್ನು ಉಳಿಸಿದರು, ಹೆಸರನ್ನು ಉಳಿಸಲು ಅವರಿಂದ ಆಗಲಿಲ್ಲ. ಕೈಗೆ ನನ್ನ ಅಳತೆ ಸಾಕ್ಷಿ, ಹೆಸರಿಗೆ ಸಾಕ್ಷಿ ಎಲ್ಲಿ ಎಂದು ಉಳಿದವರು ಕೇಳಿದರಂತೆ. ‘ಕೆಲಸದ ಮಗುವಿನ ಕೈ ಗುರುತು’ ಎಂದಷ್ಟೇ ಬಂತು. ಲೆಸ್ಟರ್ ಎರಕದ ಬೆನ್ನಿಗೆ ಹೆಸ್ಟರ್ ಎಂದು ಮೊಳೆಯಿಂದ ಕೊರೆದು ಪೆಟ್ಟಿಗೆಗೆ ಹಾಕಿದ. ತೆರೆಯುವ ದಿನಕ್ಕೆ ಮಿಸ್ ರೂತ್ ಹೋಗಲಿಲ್ಲ. ಗೋಡೆ ಇಲ್ಲದ ಮೇಲೆ ಊರಿಗೆ ಯಾಕೆ ಎಂದರಂತೆ. ಎರಡು ವರ್ಷದ ಮೇಲೆ ಡೆಟ್ರಾಯಿಟ್‌ನಲ್ಲೇ ತೀರಿಕೊಂಡರು. ಮೊರವನ್ನು ಪದ್ಮಗೆ ಬಿಟ್ಟುಹೋದರು.

ನಾನು ನಿವೃತ್ತಿಯಾದ ವರ್ಷ ಲೆಸ್ಟರ್ ತಾನಾಗಿಯೇ ಫೋನ್ ಮಾಡಿದ. ಆ ಊರಿಗೆ ಹೋಗೋಣವೇ ಎಂದ. ನಾವು ಮೂವರೂ ಹೋದೆವು, ಡ್ರೈವ್ ಮಾಡಿದ್ದು ಪದ್ಮ. ಮ್ಯೂಸಿಯಂನಲ್ಲಿ ಆಗ ನಿನ್ನ ವಯಸ್ಸಿನ ಹುಡುಗಿಯೊಬ್ಬಳು ಇದ್ದಳು, ಅನಘಾ. ಎರಕವನ್ನು ಸರಿಸುವಾಗ ಬೆನ್ನಿನ ಹೆಸರು ನೋಡಿ, ಊರೆಲ್ಲ ವಿಚಾರಿಸಿ, ಫಲಕ ಬದಲಿಸಿದ್ದಳು. ಹೆಸರು ಇತ್ತು. ಮಕ್ಕಳು ಕೈಯಿಟ್ಟು ಇಟ್ಟು ಅಂಗೈಯ ಜಾಗ ನುಣ್ಣಗಾಗಿತ್ತು. ಲೆಸ್ಟರ್ ಅದರಲ್ಲಿ ಬೆರಳಿಟ್ಟು ನೋಡಿದ.

ಆಮೇಲೆ ಕೋಟೆಗೆ ಹೋದೆವು. ಬಾಗಿಲಿನ ಬಲಗಡೆ ಚಿಪ್ಪು ಉದುರಿ ಉದುರಿ ಗೋಡೆ ಸವೆದಿತ್ತು. ಎಡಗಡೆ ನನ್ನ ಗಾರೆ. ಇಪ್ಪತ್ತೈದು ವರ್ಷದ ಉಪ್ಪುಗಾಳಿ ಕುಡಿದೂ ಒಂದು ಬಿರುಕಿಲ್ಲ. ನೆಲದಿಂದ ಎರಡೂವರೆ ಅಡಿಗೆ ಬಗ್ಗಿ ಬೆರಳ ಗೆಣ್ಣಿನಿಂದ ತಟ್ಟಿದೆ. ಗಾರೆ ಒಳಗಿನಿಂದ ಬಿಟ್ಟುಕೊಂಡಿದ್ದರೆ ಟೊಳ್ಳು ಸದ್ದು ಬರುತ್ತದೆ, ಅಪ್ಪ ಕಲಿಸಿದ್ದು. ಟೊಳ್ಳಾಗಿದ್ದರೆ ಮೆಲ್ಲಗೆ ಎಬ್ಬಿಸಬಹುದು. ಟೊಳ್ಳಿರಲಿ ದೇವರೇ ಎಂದು ಅಷ್ಟಗಲವೂ ತಟ್ಟುತ್ತ ಹೋದೆ. ಎಲ್ಲ ಕಡೆಯೂ ಕಲ್ಲಿನ ಸದ್ದು.

ಲೆಸ್ಟರ್ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಅಚ್ಚಿನವನು, ಅವನಿಗೂ ಸದ್ದು ಅರ್ಥವಾಗುತ್ತದೆ.

“ನಿಮ್ಮಪ್ಪ ನೋಡಿದ್ರೆ ಖುಷಿ ಪಡ್ತಿದ್ರು, ನಂಜ್” ಎಂದ.

ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಹೇಳಿದ. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಸಿಲ್ಲ. ಗೋಡೆ ಮೇಲಿಂದ ಕೆಳಗಿನವರೆಗೆ ನಯವಾಗಿತ್ತು, ಎಲ್ಲೂ ಯಾರ ಕೈಯೂ ಕಾಣಲಿಲ್ಲ.